ನಿಂಬೆವ್ವನಿಗೆ ಕೇಳಿಸದ ಮಾತುಗಳು

ನಮ್ಮ ಊರಿನಲ್ಲಿ ಎದುರಿಗಿಲ್ಲದ ಒಬ್ಬರ ವಿಷಯ ಎತ್ತುವ ಮೊದಲು ಗಂಟಲು ಸರಿಪಡಿಸಿಕೊಳ್ಳುವುದು ಮರ್ಯಾದೆ. ಬೇರೆ ಊರುಗಳಲ್ಲಿ ಪರರ ಮನೆಗೆ ಹೋದಾಗ ಬಾಗಿಲು ತಟ್ಟುವ ಹಾಗೆ ಇದು. ಯಾರ ಬಗ್ಗೆ ಆಡುತ್ತೇವೆಯೋ ಅವರು ಹೊಲದಲ್ಲಿರಲಿ, ಬಚ್ಚಲಲ್ಲಿರಲಿ, ದೂರದ ಊರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿರಲಿ, ಮಾತು ಆಡಿದವರ ದನಿಯಲ್ಲಿಯೇ ಅವರ ಕಿವಿಗೆ ಬಂದು ಬೀಳುತ್ತದೆ. ಮೊದಲೊಂದು ಕೆಮ್ಮು ಕೇಳಿಸಿದರೆ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು ಸಿದ್ಧರಾಗಲು ಅವರಿಗೆ ಅನುಕೂಲ. ಬರೆದದ್ದಾಗಲಿ, ಕೈಸನ್ನೆಯಾಗಲಿ ಹೀಗೆ ಮುಟ್ಟುವುದಿಲ್ಲ. ಬಾಯಿಂದ ಹೊರಟದ್ದು ಮಾತ್ರ ಮುಟ್ಟುತ್ತದೆ. ಇಬ್ಬರನ್ನು ಸೇರಿಸಿ ಒಂದು ಮಾತು ಆಡಿದರೆ ಇಬ್ಬರಿಗೂ ಮುಟ್ಟುತ್ತದೆ. ಆದಕಾರಣ ನಮ್ಮಲ್ಲಿ ಅತ್ತೆಯಂದಿರು ಹಿರಿಯ ಸೊಸೆಯನ್ನು ಹೊಗಳುವಾಗ ಕಿರಿಯ ಸೊಸೆಯ ಸುದ್ದಿಗೆ ಹೋಗುವುದಿಲ್ಲ.

ಊರಿನ ಬಹುಪಾಲು ಮನೆಗಳಲ್ಲಿ ಒಲೆ ಉರಿಯುವುದು ಸೈಕಲ್ ಕಾರ್ಖಾನೆಯ ದುಡಿಮೆಯಿಂದ. ನಾನು ಆ ಕಾರ್ಖಾನೆಯ ತರಬೇತಿ ಶಾಲೆಯಲ್ಲಿ ಪಾಠ ಹೇಳುವವನು. ಅದಕ್ಕೂ ಮೊದಲು ಬೇರೊಂದು ಊರಿನ ಸರ್ಕಾರಿ ಶಾಲೆಯಲ್ಲಿದ್ದೆ. ಅಲ್ಲಿ ಉಪಾಧ್ಯಾಯರ ಕೊಠಡಿಯಲ್ಲಿ ಒಬ್ಬರು ಎದ್ದು ಹೊರಗೆ ಹೋದ ಕೂಡಲೇ ಉಳಿದವರು ಅವರನ್ನು ಹರಿದು ಹಂಚಿಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟಕ್ಕಿಂತ ಆ ಊಟವೇ ಅವರಿಗೆ ರುಚಿಯಾಗಿತ್ತು. ಮಕ್ಕಳಿಗೆ ಸುಭಾಷಿತ ಬರೆಸಿ ಬಂದ ಬಾಯಿಯಲ್ಲಿಯೇ ಅದು ನಡೆಯುತ್ತಿತ್ತು. ಅಂಥ ಕಡೆಯಿಂದ ಬಂದವನಿಗೆ ಈ ಊರು ಹೇಗೆ ಕಂಡಿರಬೇಕೆಂದು ಊಹಿಸಿಕೊಳ್ಳಿ. ಇಲ್ಲಿ ಕ್ಯಾಂಟೀನಿನ ಸಾಲಿನಲ್ಲಿ ನಿಂತವರು ಹಿರಿಯ ಅಧಿಕಾರಿಯನ್ನು ಟೀಕಿಸುವಾಗಲೂ ಮೊದಲು ಕೆಮ್ಮಿ, ಆಮೇಲೆ, "ಸಾಹೇಬ್ರ, ನಿನ್ನೆ ನೀವು ಕೊಟ್ಟ ಸರದಿ ಸರಿಯಿಲ್ರಿ, ಹೆಣ್ಮಕ್ಕಳಿಗೆ ಬಸ್ ತಪ್ಪತೈತಿ" ಎಂದು ಗೋಡೆಯನ್ನು ನೋಡಿಕೊಂಡು ಹೇಳುತ್ತಿದ್ದರು. ಮರುದಿನ ಸರದಿ ಬದಲಾಗುತ್ತಿತ್ತು. ಈ ನೆಲದಲ್ಲಿ ನಾಲಗೆಗೆ ಸಂಸ್ಕಾರವಿದೆ ಎಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ.

ಬಡ್ತಿಯ ವಿಷಯದಲ್ಲಂತೂ ಈ ಕಾರ್ಖಾನೆಗೆ ಸಾಟಿ ಇರಲಿಲ್ಲ. ಕಾರ್ಖಾನೆ ಕಟ್ಟಿದ ಹಿರಿಯರು ಮಾಡಿಟ್ಟ ಕಟ್ಟಳೆಯ ಪ್ರಕಾರ ಬಡ್ತಿ ಸಮಿತಿ ಕಾಗದದ ಮೇಲೆ ಒಂದಕ್ಷರವನ್ನೂ ಬರೆಯಕೂಡದು. ಎಲ್ಲವನ್ನೂ ಬಾಯಲ್ಲೇ ಆಡಬೇಕು. ಅಭ್ಯರ್ಥಿಗಳು ಆ ಹೊತ್ತಿನಲ್ಲಿ ತಮ್ಮ ತಮ್ಮ ಯಂತ್ರದ ಬಳಿ ಕೆಲಸದಲ್ಲಿರಬೇಕು. ತನ್ನ ಬಗ್ಗೆ ಯಾರು ಏನೆಂದರು, ಯಾವ ಗುಣ ಹಿಡಿಸಿತು, ಯಾವ ಕೊರತೆ ಅಡ್ಡ ಬಂತು ಎಂಬುದೆಲ್ಲ ಪ್ರತಿಯೊಬ್ಬನ ಕಿವಿಗೆ ನೇರವಾಗಿ ಬೀಳುತ್ತಿತ್ತು. ಬಡ್ತಿ ತಪ್ಪಿದವನು ಸಂಜೆ ಗೇಟಿನಲ್ಲಿ ಸಿಕ್ಕರೆ, "ಖರೇನ ಅಂದ್ರು ಬಿಡ್ರಿ, ನನಗ ಲೆಕ್ಕ ಹಿಡಿಯಾಕ ಬರೂದಿಲ್ಲ" ಎಂದು ನಗುತ್ತಿದ್ದ. ಯಾರ ಮನೆಗೆ ಯಾರು ತುಪ್ಪದ ಡಬ್ಬಿ ಕಳುಹಿಸಿದರು, ಯಾವ ಜಾತಿಯವನಿಗೆ ಯಾವ ಜಾತಿಯವನು ಒಲಿದ ಎಂಬ ಗುಸುಗುಸು ಇಲ್ಲಿ ಹುಟ್ಟುವುದಕ್ಕೇ ಜಾಗವಿರಲಿಲ್ಲ.

ಎರಡನೆಯ ಶೆಡ್ಡು ತೆರೆದಾಗ ಹೊಳೆಯಾಚೆಯವರು ಕೆಲಸಕ್ಕೆ ಬಂದರು. ಅವರ ಊಟ ಬೇರೆ, ಉಡುಪು ಬೇರೆ, ದೇವರೂ ಬೇರೆ. ಒಬ್ಬ ಹಿರಿಯ ಗುಮಾಸ್ತ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಹೆಂಡತಿಯ ಮುಂದೆ, "ಹೊಳಿ ಆಚಿಯವರ ಡಬ್ಬಿ ಬಿಚ್ಚಿದ್ರ ಇಡೀ ಕ್ಯಾಂಟೀನ್ ನಾರತದ" ಎಂದುಬಿಟ್ಟ. ಕೆಮ್ಮಲಿಲ್ಲ ಕೂಡ. ಮರುದಿನ ಆತನ ಮೇಜಿನ ಮೇಲೆ ಹೊಳೆಯಾಚೆಯವರ ಡಬ್ಬಿಗಳು ಸಾಲಾಗಿ ಕುಳಿತಿದ್ದವು. "ಒಂದೊಂದಾಗಿ ಮೂಸಿ ಹೇಳ್ರಿ ರಾಯರ, ಯಾವುದು ನಾರತೈತಿ?" ಎಂದು ಅವರ ಹೆಂಗಸರು ಸುತ್ತುವರಿದು ನಿಂತರು. ಗುಮಾಸ್ತ ನಾಚಿ, ಮೂಸಿ, ಕೊನೆಗೆ ಒಂದು ತುತ್ತು ತಿಂದ. ಈಗ ಪ್ರತಿ ಶುಕ್ರವಾರ ಆತನೇ ಅವರ ಡಬ್ಬಿ ಹುಡುಕಿಕೊಂಡು ಹೋಗುತ್ತಾನೆ. ಇಂಥವು ನಡೆದು ಒಂದೆರಡು ವರ್ಷಗಳಲ್ಲಿ ಊರಿನ ನಾಲಗೆ ತೊಳೆದಿಟ್ಟಂತಾಯಿತು.

ನಿಂಬೆವ್ವ ಆ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ಅಚ್ಚು ಕೂರಿಸುವವಳು. ಸೈಕಲ್ಲಿನ ಮಡ್‌ಗಾರ್ಡು, ಚೈನಿನ ಕವರು ಎಲ್ಲ ಅಲ್ಲಿ ಉಕ್ಕಿನ ತಗಡಿನಿಂದ ಒತ್ತಿ ತೆಗೆಯುತ್ತಾರೆ. ನಲವತ್ತು ದಾಟಿದ ಗಟ್ಟಿ ಆಳು. ಚಿಕ್ಕಂದಿನಲ್ಲಿ ಬಂದ ಜ್ವರಕ್ಕೆ ಎರಡೂ ಕಿವಿ ಹೋಗಿದ್ದವು. ಪ್ರೆಸ್ಸುಗಳು ಬಡಿಯುವ ಸದ್ದಿನಲ್ಲಿ ಕಿವಿ ಇದ್ದವರಿಗೂ ಎದುರಿಗಿದ್ದವರ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಅವಳ ಕೈಸನ್ನೆಗಳೇ ಕಾಲಕ್ರಮದಲ್ಲಿ ಇಡೀ ವಿಭಾಗದ ಭಾಷೆಯಾಗಿದ್ದವು. ಆಕೆಯನ್ನು ಮುಗ್ಧೆ, ಪಾಪದವಳು ಎಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಆಕೆಗೆ ಫೋರ್‌ಮನ್ ಆಗಬೇಕಿತ್ತು, ಆಗಬೇಕೆಂದು ಎಲ್ಲರಿಗೂ ಹೇಳುತ್ತಿದ್ದಳು ಕೂಡ. ಫೋರ್‌ಮನ್ ಗುರುಪಾದಪ್ಪನವರು ನಿವೃತ್ತಿಗೆ ಬಂದ ವರ್ಷ ಅವರ ಗಾಜಿನ ಕೋಣೆಯ ಮುಂದೆ ನಿಂತು, ಒಳಗಿನ ಕುರ್ಚಿಯನ್ನು ತೋರಿಸಿ, ತನ್ನ ಸೊಂಟವನ್ನು ಎರಡೂ ಕೈಯಿಂದ ಅಳೆದು, ಕುರ್ಚಿ ಸಾಲದು ಎಂದು ತಲೆಯಾಡಿಸಿದ್ದಳಂತೆ. ವಿಭಾಗವೆಲ್ಲ ನಕ್ಕಿತ್ತು.

ಅದೇ ಹುದ್ದೆಗೆ ಇನ್ನೊಬ್ಬ ಅಭ್ಯರ್ಥಿ ಫಕೀರಪ್ಪ. ನಿಂಬೆವ್ವನ ಕೈಕೆಳಗೆ ಕೆಲಸ ಕಲಿತು ಮೇಲೆ ಬಂದವನು, ಒಳ್ಳೆಯ ಕೆಲಸಗಾರ, ಮನೆಯಲ್ಲಿ ಹಾಸಿಗೆ ಹಿಡಿದ ತಂದೆ ಮತ್ತು ಮದುವೆಗೆ ಬಂದ ತಂಗಿ. ಹುದ್ದೆ ಅವನಿಗೂ ಬೇಕಿತ್ತು. ಮುಚ್ಚಿಟ್ಟಿರಲಿಲ್ಲ.

ಆ ವರ್ಷ ಬಡ್ತಿ ಸಮಿತಿಗೆ ನನ್ನನ್ನು ಮೊದಲ ಬಾರಿಗೆ ಸೇರಿಸಿಕೊಂಡರು. ಯಂತ್ರಗಳ ಸಂಬಂಧವಿಲ್ಲದ ಒಬ್ಬರು ಇರಬೇಕೆಂಬುದು ಹಿರಿಯರ ಇನ್ನೊಂದು ಕಟ್ಟಳೆ. ಮ್ಯಾನೇಜರ್ ದೇಸಾಯಿಯವರು ಅಧ್ಯಕ್ಷರು, ಗುರುಪಾದಪ್ಪನವರು ಮತ್ತು ನಾನು ಸದಸ್ಯರು. ಬೆಳಗಿನ ಚಹಾದ ನಂತರ ಕುಳಿತೆವು. ಮೊದಲು ಫಕೀರಪ್ಪನ ಸರದಿ. ದೇಸಾಯಿಯವರು ನೆಟ್ಟಗೆ ಕುಳಿತು, ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡರು. "ಫಕೀರಪ್ಪ, ನಿನ್ನ ಕೆಲಸ ಚೊಕ್ಕ ಅದ. ಆದ್ರ ಹೊಸ ಅಚ್ಚು ಬಂದಾಗ ಧೈರ್ಯ ಕಡಿಮಿ ಮಾಡ್ತಿ, ಮತ್ತೊಬ್ಬರ ಮುಖ ನೋಡ್ತಿ. ಇದು ನನ್ನ ಅಭಿಪ್ರಾಯ" ಎಂದರು. ಗುರುಪಾದಪ್ಪನವರೂ ಅಷ್ಟೇ ಗೌರವದಿಂದ ಎರಡು ಗುಣ, ಒಂದು ದೋಷ ಹೇಳಿದರು. ಇಂಥ ಸಭ್ಯತೆಯನ್ನು ನಾನು ಪಠ್ಯಪುಸ್ತಕಗಳಲ್ಲಿ ಕೂಡ ಓದಿರಲಿಲ್ಲ. ಮೇಜಿನ ಕೆಳಗೆ ನನ್ನ ಕೈಗಳು ತಾವಾಗಿಯೇ ಜೋಡಿಸಿಕೊಂಡಿದ್ದವು.

ಆಮೇಲೆ ನಿಂಬೆವ್ವನ ಸರದಿ ಬಂತು. ದೇಸಾಯಿಯವರು ಕೋಟಿನ ಗುಂಡಿ ಬಿಚ್ಚಿದರು. ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕಾಲು ನೀಡಿದರು. ಇನ್ನೊಂದು ಸುತ್ತು ಚಹಾ ತರಿಸಿದರು. ಯಾರೂ ಕೆಮ್ಮಲಿಲ್ಲ.

"ಅಕಿದೇನ್ ಮಾತಾಡೂದೈತ್ರಿ, ಕಲ್ಲಿನ ಮುಂದ ಕಥಿ ಹೇಳಿದಂಗ" ಎಂದು ಗುರುಪಾದಪ್ಪನವರು ಶುರು ಮಾಡಿದರು. ನಾನು ಬೆಚ್ಚಿಬಿದ್ದೆ. ಅವರು ನಿಲ್ಲಲಿಲ್ಲ. "ಗಂಡ ಬಿಟ್ಟು ಹೋದ. ಯಾಕ್ ಹೋಗೂದಿಲ್ಲ? ಬೈದ್ರೂ ಕೇಳ್ದಾಕಿ ಕೂಡ ಏನ್ ಸಂಸಾರ ಮಾಡ್ತಾನ? ಕೈ ನೋಡೀರೇನ್ರಿ, ಸನ್ನಿ ಮಾಡೂ ಮುಂದ ಮಂಗ್ಯಾ ತಲಿ ಕೆರಕೊಂಡಂಗ." ದೇಸಾಯಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಾವೂ ಒಂದು ಹೇಳಿದರು. ಅದನ್ನು ಇಲ್ಲಿ ಬರೆಯಲು ನನ್ನ ಲೇಖನಿ ಒಪ್ಪುವುದಿಲ್ಲ. ವರ್ಷಗಟ್ಟಲೆ ಬಾಯಿ ಬಿಗಿಹಿಡಿದವರು ಒಂದು ಬಚ್ಚಲ ಬಾಯಿ ಸಿಕ್ಕಿದಂತೆ ಅಲ್ಲಿ ಸುರಿದುಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಕಂಡದ್ದು ದ್ವೇಷವಲ್ಲ. ಬಿಗಿಯಾದ ಚಪ್ಪಲಿ ಕಳಚಿದವರ ಸುಖ.

"ಇದೇನು ಹೀಗೆ ಮಾತಾಡುತ್ತೀರಿ?" ಎಂದು ನಾನು ಎದ್ದೆ. "ಇದೇ ಮಾತನ್ನು ಆ ಹೆಣ್ಣುಮಗಳ ಮುಂದೆ ಆಡುತ್ತೀರಾ?"

"ಮಾಸ್ತರ, ಕುಂದರ್ರಿ" ಎಂದರು ದೇಸಾಯಿಯವರು ಸಮಾಧಾನದಿಂದ. "ನೀವು ಹೊರಗಿನವರು, ನಿಮಗ ತಿಳೀಲಿಕ್ಕಿಲ್ಲ. ನಮ್ಮ ಊರಾಗ ಮುಟ್ಟಿದ ಮಾತು ಬೈಗುಳ. ಮುಟ್ಟದಿದ್ದದ್ದು ಬೈಗುಳ ಅಲ್ಲ. ಅಕಿಗೆ ಏನರೆ ನೋವಾಗ್ಯದೇನು? ಹೋಗಿ ನೋಡ್ರಿ ಬೇಕಾದ್ರ, ಆರಾಮ ಅಚ್ಚು ಕೂಡಸ್ಲಿಕ್ಕತ್ತಾಳ."

ನನಗೆ ಆ ಕ್ಷಣದಲ್ಲಿ ಉಂಟಾದ ರೋಷವನ್ನು ಹೇಗೆ ಹೇಳಲಿ? ಇವರು ಸುಳ್ಳುಗಾರರಲ್ಲ, ಲಂಚಕೋರರಲ್ಲ, ಕ್ರೂರಿಗಳೂ ಅಲ್ಲ. ಕಿವಿಗೆ ಬೀಳದಿದ್ದರೆ ಗಾಯವಿಲ್ಲ ಎಂದು ಇವರು ಮನಸಾರೆ ನಂಬಿದ್ದರು. ಇಡೀ ಊರು ನಂಬಿತ್ತು. ನಾನು ತರಗತಿಯಲ್ಲಿ ಸಂಸ್ಕಾರವೆಂದು ಹೊಗಳುತ್ತಿದ್ದುದು ಒಂದು ಹೆಂಗಸಿನ ಎರಡು ಕಿವಿಗಳ ಹತ್ತಿರ ಬಂದು ಮುಗಿದುಹೋಗುತ್ತಿತ್ತು. ಎಲ್ಲರ ಮನೆಯ ಕಸವನ್ನೂ ಒಬ್ಬಳ ಅಂಗಳಕ್ಕೆ ಸುರಿದು, ಊರು ಎಷ್ಟು ಸ್ವಚ್ಛವಾಗಿದೆ ನೋಡಿ ಎಂದು ಹೆಮ್ಮೆಪಡುವುದು ಯಾವ ನೀತಿ?

ನಾನು ನಿಂಬೆವ್ವನ ಪರವಾಗಿ ಮಾತನಾಡಿದೆ. ಅಚ್ಚು ಕೂರಿಸುವುದರಲ್ಲಿ ಆಕೆಯ ಅನುಭವ, ಹೊಸಬರನ್ನು ತಯಾರು ಮಾಡಿದ್ದು, ವಿಭಾಗಕ್ಕೇ ಒಂದು ಭಾಷೆ ಕೊಟ್ಟದ್ದು, ಎಲ್ಲವನ್ನೂ ಹೇಳಿದೆ. ದೇಸಾಯಿಯವರು ತಾಳ್ಮೆಯಿಂದ ಕೇಳಿದರು. ಕೊನೆಗೆ ಹೇಳಿದರು: "ಖರೆ ಹೇಳಬೇಕಂದ್ರ ಮಾಸ್ತರ, ಫಕೀರಪ್ಪ ಅಕಿಗಿಂತ ಒಂದು ಕೈ ಕಡಿಮೀನೇ ಇದ್ದಾನ. ಆದ್ರ ಫಕೀರಪ್ಪಗ ಇಲ್ಲ ಅಂದ್ರ ಯಾಕ ಇಲ್ಲ ಅಂತ ಅವನ ಕಿವಿಗೆ ಬೀಳತದ, ಅವಗ ಮುಖ ತೋರಸಬೇಕಾಗ್ತದ. ನಿಂಬೆವ್ವಗ ಇಲ್ಲ ಅಂದ್ರ ಯಾಕ ಅಂತ ಅಕಿಗೆ ತಿಳಿಯೂದಿಲ್ಲ. ಅದಕ್ಕ ಫಕೀರಪ್ಪಗ ಕೊಡೂದು ಸುಲಭ."

"ಹೌದ್ರಿ, ಸುಲಭ" ಎಂದರು ಗುರುಪಾದಪ್ಪ. ಇಬ್ಬರ ಮುಂದೆ ನನ್ನ ಒಂದು ಮತ ಏನೂ ಅಲ್ಲ. ದೇಸಾಯಿಯವರು ಕೋಟು ಸರಿಮಾಡಿಕೊಳ್ಳುತ್ತ ಎದ್ದರು. ಆ ಹೊತ್ತಿಗೆ ಬಾಗಿಲು ತೆರೆಯಿತು.

ಫಕೀರಪ್ಪ ನಿಂತಿದ್ದ. ಮೈಮೇಲೆ ಗ್ರೀಸು, ಹಣೆಯಲ್ಲಿ ಬೆವರು. ಅವನ ಹಿಂದೆ, ಕೈಗವಸು ಬಿಚ್ಚುತ್ತ, ನಿಂಬೆವ್ವ. ಸಮಿತಿ ಕುಳಿತಾಗ ಅಭ್ಯರ್ಥಿಗಳು ಯಂತ್ರ ಬಿಟ್ಟು ಬರುವಂತಿಲ್ಲ. ಕಾರ್ಖಾನೆಯ ಇತಿಹಾಸದಲ್ಲಿ ಹೀಗೆ ಯಾರೂ ಬಂದಿರಲಿಲ್ಲ.

"ಸಾಹೇಬ್ರ, ನನ್ನ ಹೆಸರು ತಗೊಂಡು ಒಂದು ಮಾತಾಡಿದ್ರಿ. ಇಬ್ಬರ ಮ್ಯಾಲಿನ ಮಾತು. ನನಗ ಮುಟ್ಟಿತು" ಎಂದ ಫಕೀರಪ್ಪ. "ಅಕ್ಕಗ ಮುಟ್ಟಲಿಲ್ಲ. ಅದಕ್ಕ ನಾನು ಮುಟ್ಟಿಸಿದೆ."

ಎದ್ದಿದ್ದ ದೇಸಾಯಿಯವರು ಮತ್ತೆ ಕುಳಿತರು. ಆಮೇಲೆ, "ಹುಚ್ಚದೀಯೇನೋ? ನಿನಗ ಫೋರ್‌ಮನ್‌ಕಿ ಕೊಟ್ಟೀವಿ. ನಿಮ್ಮಪ್ಪನ ಔಷಧಕ್ಕ, ತಂಗಿ ಮದುವಿಗೆ ಆಗ್ತಿತ್ತು" ಎಂದರು.

"ಆಗ್ತಿತ್ರಿ. ಬ್ಯಾಡ ಅಂತ ನಾನೂ ಅನ್ನಂಗಿಲ್ಲ. ಆದ್ರ ನಾನು ಕಡಿಮಿ ಅಂತ ನೀವ ಅಂದ್ರಿ, ಅದೂ ಕೇಳಸ್ತು. ಕಡಿಮಿ ಇದ್ದಾಂವಗ ಅಕ್ಕನ ಪಾಲು ಕಸಗೊಂಡು ಕೊಟ್ರ ನಾಳೆ ಅಕಿ ಮುಂದ ನಾ ಹೆಂಗ ನಿಲ್ಲಲಿ? ದಿನಾ ಎದುರಾ ಎದುರ ಕೆಲಸ ಮಾಡಾಂವ್ರು ನಾವು."

ಅಷ್ಟರಲ್ಲಿ ನಿಂಬೆವ್ವ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಮೇಜಿನ ತನಕ ಬಂದು, ಕೈ ಬೀಸತೊಡಗಿದಳು. ಆ ಕೈಗಳನ್ನು ನೋಡಿ ಮಂಗ ಎಂದವರ ಕಣ್ಣಿಗೆ ಏನಾಗಿತ್ತೋ! ಒಂದೊಂದು ಸನ್ನೆಯೂ ಒತ್ತಿ ತೆಗೆದ ಮಡ್‌ಗಾರ್ಡಿನಂತೆ ಅಂಚು ಸ್ಪಷ್ಟವಾಗಿ ಹೊರಬರುತ್ತಿತ್ತು. ಫಕೀರಪ್ಪ ಬಾಯಿ ಕೊಟ್ಟ. "ಅಕ್ಕ ಹೇಳ್ತಾಳ... ಹೇಳ್ತಾಳ ಬ್ಯಾಡ, ಅಕಿ ಹೇಳಿದಂಗ ಹೇಳ್ತೀನಿ. ಇನ್ನ ಮ್ಯಾಲೆ ನಾನು ಅಂದ್ರ ಅಕಿ. ನಾನು ಅಂದ್ರ ನಾನಲ್ಲ, ಗೊತ್ತಾತಲ್ರಿ?" ಎಂದು ಒಮ್ಮೆ ಎಚ್ಚರಿಸಿ ಮುಂದುವರಿಸಿದ. "ನೀವು ನನ್ನ ಸುದ್ದಿ ಆಡತೀರಿ ಅಂತ ನನಗ ಗೊತ್ತಿಲ್ಲಂತ ತಿಳಕೊಂಡೀರಿ. ನನ್ನ ಕಂಡ ಕೂಡಲೇ ಮಾರಿ ಆ ಕಡೆ ಹೊರಳಸ್ತೀರಿ, ತುಟಿ ಕಾಣಬಾರದಂತ. ನಿಮ್ಮ ಮಾರಿಗಿಂತ ನಿಮ್ಮ ಹೆಡಕ ನನಗ ಚಲೋ ಗೊತ್ತೈತಿ. ದೇಸಾಯರ ಹೆಡಕಿನ ಮ್ಯಾಲೆ ಒಂದು ನರೂಲಿ ಐತಿ."

ದೇಸಾಯಿಯವರ ಕೈ ತಾನಾಗಿಯೇ ಕುತ್ತಿಗೆಯ ಹಿಂದಿನ ನರಹುಲಿಯ ಮೇಲೆ ಹೋಯಿತು.

"ನನಗ ಬಡ್ತಿ ಬ್ಯಾಡಂತ ನೀವು ಅಂದ್ರ ಅನ್ರಿ. ಅದು ನಿಮ್ಮ ಅಧಿಕಾರ. ಆದ್ರ ಫಕೀರಪ್ಪಗ ಅಂದಂಗ ನನಗೂ ಅನ್ರಿ. ಎದುರಿಗೆ ನಿಂತೀನಿ. ಇವ ಕೈಯಾಗ ಹೇಳ್ತಾನ. ಮೊದಲಿಂದ ಶುರು ಮಾಡ್ರಿ. ಇವ ಕಲತಾಂವ ನನ್ನ ಕಡೆ, ಎರಡ ಸಲ ಬೆರಳು ಕೊಟ್ಟಬಿಡ್ತಿದ್ದ ಪ್ರೆಸ್ಸಿಗೆ, ನಾನ ಜಗ್ಗಿ ತಗದೀನಿ, ದಡ್ಡ... ಈ ದಡ್ಡ ಅಂದದ್ದು ನನಗ್ರಿ, ಈಗ ನಾನು ಅಂದ್ರ ಫಕೀರಪ್ಪನ" ಎಂದು ಫಕೀರಪ್ಪ ಮುಖ ಕೆಂಪಗೆ ಮಾಡಿಕೊಂಡ. ನಿಂಬೆವ್ವ ಅವನ ತುಟಿಯನ್ನೇ ಗಮನಿಸುತ್ತಿದ್ದಳು. ದಡ್ಡ ಎಂಬುದು ಬಂತೇ ಇಲ್ಲವೇ ಎಂದು ಖಚಿತಪಡಿಸಿಕೊಂಡು ತಲೆಯಾಡಿಸಿದಳು.

ಸಭೆ ಮತ್ತೆ ಮೊದಲಿನಿಂದ ಶುರುವಾಯಿತು. ಗುರುಪಾದಪ್ಪನವರು ಬಹಳ ಹೊತ್ತು ಮೇಜಿನ ಮೇಲೆ ತಮ್ಮ ಎರಡು ಕೈಗಳನ್ನು ಇಟ್ಟುಕೊಂಡು ಕುಳಿತಿದ್ದರು. ಅವರಿಗೂ ಆಕೆಯ ಸನ್ನೆ ಬರುತ್ತಿತ್ತು, ಅದೇ ವಿಭಾಗದಲ್ಲಿ ಕೂದಲು ನರೆಸಿಕೊಂಡವರು. ಮುದುಕರಾದರೂ ಅಂಜುಬುರುಕರಲ್ಲ ಎಂಬುದನ್ನು ಆಗ ಕಂಡೆ. ಫಕೀರಪ್ಪನ ನೆರವು ಬೇಡವೆಂದು ತಲೆಯಾಡಿಸಿ, ತಾವೇ ಕೈ ಎತ್ತಿದರು. ಕಲ್ಲು ಎಂಬುದಕ್ಕೆ ಒಂದು ಮುಷ್ಟಿಯ ಮೇಲೆ ಇನ್ನೊಂದು ಮುಷ್ಟಿ ಬಡಿಯಬೇಕು. ಮೇಲಿನ ಮುಷ್ಟಿ ಗಾಳಿಯಲ್ಲಿಯೇ ನಿಂತಿತು. ನಿಂಬೆವ್ವ ಅದು ಇಳಿಯುವುದನ್ನು ಕಾದಳು. ಇಳಿಯಲಿಲ್ಲ. ಮುದುಕರ ಕೈ ಬಿಚ್ಚಿ ತೊಡೆಯ ಮೇಲೆ ಬಿತ್ತು.

"ಆಗವಲ್ಲದು" ಎಂದರು ಅವರು, ಯಾರಿಗೆಂದಿಲ್ಲದೆ. "ಅಕಿ ನೋಡ್ಲಿಕ್ಕತ್ತಾಳ."

ಸ್ವಲ್ಪ ತಡೆದು ಮತ್ತೆ ಕೈ ಎತ್ತಿದರು. ಈ ಸಲ ಸನ್ನೆಗಳು ಸರಾಗವಾಗಿ ಬಂದವು. ಫಕೀರಪ್ಪ ನಮಗಾಗಿ ಹೇಳಿದ: "ನೀ ಹೊಸಬರು ತಪ್ಪು ಮಾಡಿದ್ರ ಅವರ ಪ್ರೆಸ್ ಬಂದ್ ಮಾಡಿ ಹೊರಗ ಅಟ್ಟತೀ. ಏನು ತಪ್ಪು ಅಂತ ಹೇಳೂದಿಲ್ಲ. ಅತಗೋತ ಹೋದಾಂವ್ರು ಇದ್ದಾರ. ಫೋರ್‌ಮನ್ ಆದಾಕಿ ಹಂಗ ಮಾಡಬಾರದು."

ನಿಂಬೆವ್ವನ ಉತ್ತರಕ್ಕೂ ಫಕೀರಪ್ಪನೇ ಬಾಯಿ ಕೊಟ್ಟ. "ಅದು ಖರೆ. ಬಿಡಬೇಕಂತೀನಿ, ಬಿಡಾಕ ಆಗಿಲ್ಲ. ಬ್ಯಾರೆ?"

ದೇಸಾಯಿಯವರು ಗಂಟಲು ಸರಿಪಡಿಸಿಕೊಂಡರು. ಆ ಕೆಮ್ಮು ಆಕೆಗೆ ಕೇಳಿಸುವುದಿಲ್ಲ ಎಂದು ಆಮೇಲೆ ಹೊಳೆದಿರಬೇಕು, ಮೇಜನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ ಆಕೆಯ ಕಣ್ಣನ್ನು ತಮ್ಮ ಕಡೆಗೆ ಕರೆದುಕೊಂಡರು. "ಬೆಂಕಿ ಸೈರನ್ ಆದ್ರ ನಿನಗ ಹೆಂಗ ತಿಳೀತದ, ನಿಂಬೆವ್ವಾ?"

"ಪ್ರೆಸ್ಸಿನಾಗ ಯಾರಿಗೆ ಕೇಳಸ್ತೈತಿ ಸಾಹೇಬ್ರ? ಎರಡನೇ ಶೆಡ್ಡಿಗೆ ಬೆಂಕಿ ಹತ್ತಿದಾಗ ಕಿವಿ ಇದ್ದಾಂವ್ರೆಲ್ಲಾ ತಗಡು ಒತ್ತಗೋತ ನಿಂತಿದ್ರು. ಆಮ್ಯಾಲೆ ಕೆಂಪು ದೀಪ ಹಾಕಸ್ರಿ ಅಂತ ಗಂಟು ಬಿದ್ದಾಕಿ ನಾನು. ಹಾಕಸಿದಾಂವ್ರು ನೀವು. ಮರ್ತೀರಿ."

"ಖರೆ" ಎಂದರು ದೇಸಾಯಿಯವರು. "ಮರ್ತಿದ್ದೆ."

ಇನ್ನೇನಿದೆ ಎಂದು ಹುಡುಕಿದರು. ಇರಲಿಲ್ಲ. ಅರ್ಧ ಗಂಟೆಯ ಹಿಂದೆ ಆ ಕೋಣೆ ತುಂಬ ಸುರಿದಿದ್ದ ಮಾತಿನಲ್ಲಿ ಒಬ್ಬ ವ್ಯಕ್ತಿಯ ಕಣ್ಣೆದುರು ಆಡಬಹುದಾದದ್ದು ಒಂದು ದೋಷ, ಒಂದು ಪ್ರಶ್ನೆ. ಅಷ್ಟೇ ಉಳಿದಿತ್ತು. ದೇಸಾಯಿಯವರನ್ನು ನಾನು ಇಂದಿಗೂ ಗೌರವಿಸುವುದು ಆಮೇಲೆ ಅವರು ಮಾಡಿದ್ದಕ್ಕಾಗಿ. ಅವರು ತೀರ್ಮಾನವನ್ನು ಮರುದಿನಕ್ಕೆ ತಳ್ಳಬಹುದಿತ್ತು; ಯಂತ್ರ ಬಿಟ್ಟು ಬಂದುದೇ ಅಪರಾಧವೆಂದು ಇಬ್ಬರನ್ನೂ ಹೊರಗಟ್ಟಬಹುದಿತ್ತು. ಕುರ್ಚಿಯಲ್ಲಿ ಕುಳಿತ ಎಷ್ಟೋ ಮಂದಿ ಅದನ್ನೇ ಮಾಡುತ್ತಾರೆ. ಅವರು ಎದ್ದು ಮೇಜನ್ನು ಬಳಸಿ ಬಂದು, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕಿಟಕಿಗೆ ಎದುರಾಗಿ ನಿಂತು, ತುಟಿಗಳನ್ನು ಬಿಡಿಸಿ ಬಿಡಿಸಿ ಹೇಳಿದರು: "ನಿಂಬೆವ್ವ, ನೀನು ಇನ್ನು ಪ್ರೆಸ್ ವಿಭಾಗದ ಫೋರ್‌ಮನ್. ನಿನ್ನ ಬಗ್ಗೆ ಇಲ್ಲಿ ಕೆಟ್ಟದ್ದು ಆಡಿದ್ವಿ. ನಾನು ಆಡಿದ್ದು ಹೆಚ್ಚು."

ಅವಳು ಫಕೀರಪ್ಪನ ಕಡೆ ತಿರುಗಲಿಲ್ಲ. ತುಟಿಯಿಂದಲೇ ತಿಳಿದುಕೊಂಡಳು. ಅವಳ ಕಣ್ಣುಗಳು ತುಂಬಿದವು, ಆದರೆ ಕೈಗಳು ಗಟ್ಟಿಯಾಗಿದ್ದವು. "ಮೊದಲ ಆ ಗಾಜಿನ ಕೋಣಿ ಕುರ್ಚಿ ಬದಲಿ ಮಾಡಸ್ರಿ" ಎಂದಳಂತೆ ಸನ್ನೆಯಲ್ಲಿ. ಫಕೀರಪ್ಪ ಅದನ್ನು ಹೇಳುವಾಗ ನಕ್ಕ. ಆ ನಗು ಕೊನೆಯಲ್ಲಿ ಸ್ವಲ್ಪ ಒಡೆಯಿತು. ಅವನ ತಂದೆಯ ಔಷಧ ನನಗೂ ನೆನಪಾಯಿತು.

ಸಂಜೆಯ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತು. ಆಗ ಈ ಜನರು ಮಾಡಿದ್ದನ್ನು ನೆನೆದರೆ ನನ್ನ ಎದೆ ಈಗಲೂ ತುಂಬಿ ಬರುತ್ತದೆ. ಬೇರೆ ಯಾವುದಾದರೂ ಊರಾಗಿದ್ದರೆ ಜನರು ಹೊಸ ಫೋರ್‌ಮನ್ನಿಗೆ ಹಾರ ಹಾಕಿ ಹಳೆಯದನ್ನು ಮರೆತುಬಿಡುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಮರುದಿನ ಊಟದ ವಿರಾಮದಲ್ಲಿ ಪ್ರೆಸ್ ವಿಭಾಗದ ಬಾಗಿಲಲ್ಲಿ ಸಾಲು ನಿಂತಿತ್ತು. ಪೇಂಟಿಂಗ್ ವಿಭಾಗದ ಹೆಂಗಸರು, ಕ್ಯಾಂಟೀನಿನ ಅಡುಗೆಯವರು, ಹೊಳೆಯಾಚೆಯವರು, ಹಿರಿಯ ಗುಮಾಸ್ತ ಸಹಿತ ಎಲ್ಲರೂ. ಆಕೆಯ ಬಗ್ಗೆ ಹಿಂದೆ ಎಲ್ಲೋ ಆಡಿದ್ದನ್ನು ಮುಂದೆ ನಿಂತು ಹೇಳಿ ಹೋಗಲು ಬಂದವರು. ಹೊಳೆಯಾಚೆಯ ಒಬ್ಬಾಕೆ ಸಾಲಿನಲ್ಲಿ ನಿಂತು ಅಳುತ್ತಿದ್ದಳು. "ನಮ್ಮ ಡಬ್ಬಿ ನಾರತೈತಿ ಅಂದಾಗ ನಾವು ಎಷ್ಟು ಸಿಟ್ಟಿಗೆದ್ವಿ ಮಾಸ್ತರ. ಅದೇ ವಾರ ನಾನು ಈಕಿಗೆ ಕೆಟ್ಟ ಹೆಸರಿಟ್ಟಿದ್ದೆ" ಎಂದಳು.

ನಿಂಬೆವ್ವ ಗಾಜಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಊಟ ಮಾಡುತ್ತಲೇ ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಿದ್ದಳು. ಕೆಲವರನ್ನು ಬೈದು ಕಳುಹಿಸಿದಳು, ಕೆಲವರಿಗೆ ಉಪ್ಪಿನಕಾಯಿ ಕೊಟ್ಟಳು. ಒಬ್ಬ ವೆಲ್ಡರನಿಗೆ ತಾನು ಅವನ ಬಗ್ಗೆ ಮಾಡಿದ್ದ ಸನ್ನೆಯನ್ನು ಮತ್ತೆ ಮಾಡಿ ತೋರಿಸಿದಳು. ಅದು ಇಡೀ ಪ್ರೆಸ್ ವಿಭಾಗಕ್ಕೆ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿದ್ದವರು ಬಿದ್ದು ಬಿದ್ದು ನಕ್ಕರು.

ನನ್ನ ಸರದಿಯೂ ಬಂತು. ನಾನು ಕೆಟ್ಟದ್ದನ್ನೇನೂ ಆಡಿರಲಿಲ್ಲ, ಆದಕಾರಣ ಸ್ವಲ್ಪ ಎದೆಯುಬ್ಬಿಸಿಯೇ ಹೋದೆ. ಫಕೀರಪ್ಪ ಅವಳ ಸನ್ನೆಯನ್ನು ನನಗೆ ತಿಳಿಸಿದ: "ನೀವು ನನ್ನ ಪರವಾಗಿ ಭಾಳ ಚಲೋ ಮಾತಾಡಿದ್ರಂತ ಮಾಸ್ತರ. ಅದೂ ನನಗ ಮುಟ್ಟಿಲ್ಲ. ಇಷ್ಟು ವರ್ಷ ಆತು, ನನ್ನ ಮುಂದ ಬಂದು ಒಮ್ಮೆನರೆ ಅದನ್ನ ಹೇಳೀರೇನು?" ಹೇಳಿರಲಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ ನಾನು ಆ ತಿಂಗಳಿನಿಂದಲೇ ತರಬೇತಿ ಶಾಲೆಯಲ್ಲಿ ಸನ್ನೆಯ ತರಗತಿ ತೆರೆದೆ. ಪಾಠ ಹೇಳುವವರು ಗುರುಪಾದಪ್ಪನವರು; ನಿವೃತ್ತಿಯ ಮೇಲೆ ಅವರಿಗೂ ಹೊತ್ತು ಹೋಗಬೇಕಿತ್ತು. ಮುಂದಿನ ಬೆಂಚಿನಲ್ಲಿ ದೇಸಾಯಿಯವರು ಕುಳಿತುಕೊಳ್ಳುತ್ತಾರೆ. ಬೆರಳು ಬಾಗುವುದಿಲ್ಲ, ಆದರೂ ತಪ್ಪಿಸುವುದಿಲ್ಲ. ಮರುವರ್ಷದಿಂದ ಬಡ್ತಿ ಸಮಿತಿ ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡೇ ಮಾತನಾಡುತ್ತದೆ. ಹಿರಿಯರ ಕಟ್ಟಳೆಯನ್ನು ಮುರಿದರೆಂದು ಕೆಲವರಿಗೆ ಅಸಮಾಧಾನವಿದೆ. ಆ ಅಸಮಾಧಾನವನ್ನೂ ಅವರು ಕೆಮ್ಮಿಯೇ ಹೇಳುತ್ತಾರೆ.

ಎಲ್ಲರೂ ಬಂದು ಹೋದ ಮೇಲೆ, ಸುಮಾರು ಒಂದು ವಾರ ಕಳೆದು, ಫಕೀರಪ್ಪ ಆ ಗಾಜಿನ ಕೋಣೆಯ ಮುಂದೆ ತಾನೇ ನಿಂತಿದ್ದ. ನಾನು ತರಗತಿಯ ವಿಷಯವಾಗಿ ಒಳಗೆ ಕುಳಿತಿದ್ದೆ. ಆ ಹೊತ್ತಿಗೆ ನನಗೂ ನಾಲ್ಕು ಸನ್ನೆ ತಿಳಿಯುತ್ತಿದ್ದವು. ಅವನು ನನ್ನನ್ನು ನೋಡಿ ಅಳುಕಿದ, ಆದರೂ ಒಳಗೆ ಬಂದ. ಬಾಯಿಯನ್ನೂ ಕೈಯನ್ನೂ ಒಟ್ಟಿಗೆ ಬಳಸಿ, ತಡವರಿಸುತ್ತ ಹೇಳಿದ: "ಅಕ್ಕಾ, ಅವತ್ತು ಆ ಮಾತು ಮುಟ್ಟಿದ ಕೂಡಲೇ ನಾ ನಿನ್ನ ಕಡೆ ಓಡಿ ಬಂದೆ ಅಂತ ಎಲ್ಲಾರೂ ಹೊಗಳ್ತಾರ. ಅದು ಸುಳ್ಳೈತಿ. ಕೂಡಲೇ ಬರಲಿಲ್ಲ. ಫೋರ್‌ಮನ್ ಆದೆ ಅಂತ ಖುಷಿ ಆತು. ಹೇಳಬೇಕೋ ಬ್ಯಾಡೋ ಅಂತ ನಿಂತೆ. ಇನ್ನೊಂದು ಮಡ್‌ಗಾರ್ಡ್ ಒತ್ತಿದೆ. ಅದಾದ ಮ್ಯಾಲೆ ಬಂದೆ."

ನಿಂಬೆವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಎದುರಿಗಿದ್ದ ಊಟದ ಡಬ್ಬಿಯನ್ನು ತೋರಿಸಿ, ಕೈ ಬಾಯಿಗೆ ಕೊಂಡೊಯ್ದು, ಹೊಟ್ಟೆ ಸವರಿ, ತೇಗಿ, ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಸಾವಕಾಶ ಎದ್ದು ನಡೆದು ಬರುವಂತೆ ಅಭಿನಯಿಸಿದಳು. ಇದಕ್ಕೆ ಯಾರ ಅನುವಾದವೂ ನನಗೆ ಬೇಕಾಗಲಿಲ್ಲ. ಅವನ ಜಾಗದಲ್ಲಿ ತಾನಿದ್ದಿದ್ದರೆ ಊಟ ಮುಗಿಸಿಕೊಂಡೇ ಬರುತ್ತಿದ್ದೆ ಎನ್ನುತ್ತಿದ್ದಳು.

ಫಕೀರಪ್ಪ ನಕ್ಕ. ಆಮೇಲೆ ಕಣ್ಣೊರೆಸಿಕೊಂಡ. ಆಕೆ ಅವನ ಬೆನ್ನಿನ ಮೇಲೆ ಒಂದು ಗುದ್ದು ಕೊಟ್ಟು ಪ್ರೆಸ್ಸಿನ ಕಡೆ ಕೈ ಮಾಡಿದಳು, ವಿರಾಮ ಮುಗಿದಿತ್ತು.